ಬಿದ್ದದ್ದನ್ನು ಬರೆದಿಟ್ಟ ಆರು ತಿಂಗಳು

ಎರಡು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ಸ್ನಾನ ಮುಗಿಸಿ ಬಚ್ಚಲಿನಿಂದ ಹಿಂಬಾಗಿಲಿಗೆ ಬರುವ ಹತ್ತು ಹೆಜ್ಜೆಯ ದಾರಿಯಲ್ಲಿ ನಾನು ಬಿದ್ದೆ. ಬ್ರಹ್ಮಾವರದ ಸಮೀಪದ ನಮ್ಮ ಮನೆ ಹಳೆಯ ಹಂಚಿನ ಮನೆ. ಬಚ್ಚಲು ಹೊರಗಿದೆ, ನಡುವಿನ ಅಂಗಳಕ್ಕೆ ಹಾಸಿದ ಮುರಕಲ್ಲಿನ ಮೇಲೆ ಆಟಿ ತಿಂಗಳು ಬರುವ ಹೊತ್ತಿಗೆ ದಪ್ಪಗೆ ಪಾಚಿ ಕಟ್ಟುತ್ತದೆ. ಪ್ರತಿವರ್ಷ ಅದರ ಮೇಲೆ ತೆಂಗಿನ ಮಡಲು ಹಾಸಿ ದಾರಿ ಮಾಡುತ್ತಿದ್ದವರು ನಮ್ಮ ಯಜಮಾನರು. ಅವರು ತೀರಿಕೊಂಡ ಮೇಲಿನ ಮೊದಲ ಮಳೆಗಾಲ ಅದು, ಮಡಲು ಹಾಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರಿನಲ್ಲಿದ್ದು ಕೈ ಕೂಡಿಕೊಂಡಿತು.

ಆಸ್ಪತ್ರೆಯಲ್ಲಿ ಕೈಯನ್ನು ಬಹಳ ಚೆನ್ನಾಗಿ ನೋಡಿಕೊಂಡರು. ಆದರೆ ಆ ಆರು ವಾರಗಳಲ್ಲಿ ನಾನು ಹೇಗೆ ಬಿದ್ದೆ, ಹಿಂದೆಯೂ ಬಿದ್ದದ್ದುಂಟೇ, ಯಾವ ಮಾತ್ರೆಗಳನ್ನು ನುಂಗುತ್ತೇನೆ ಎಂದು ಯಾರೂ ಕೇಳಲಿಲ್ಲ. ಕೊನೆಯ ದಿನ, "ವಯಸ್ಸಾಯಿತಲ್ಲ ಅಮ್ಮ, ಇನ್ನು ಜಾಗ್ರತೆಯಲ್ಲಿರಿ" ಎಂದು ಹೇಳಿ ಕಳುಹಿಸಿದರು. ಮೂವತ್ತನಾಲ್ಕು ವರ್ಷ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಲೆಕ್ಕ ಮಾಡಿದ ಕ್ರಮ ತೋರಿಸದೆ ಉತ್ತರ ಮಾತ್ರ ಬರೆದ ಪುಸ್ತಕಕ್ಕೆ ಎಂದೂ ಪೂರ್ಣಾಂಕ ಕೊಟ್ಟವಳಲ್ಲ. ವಯಸ್ಸು ಎಂಬ ಉತ್ತರವೂ ನನಗೆ ಹಾಗೆಯೇ ಕಂಡಿತು. ಎಪ್ಪತ್ತೊಂದು ವರ್ಷ ಆದದ್ದು ನಿಜ, ಆದರೆ ಆ ದಿನ, ಆ ಜಾಗದಲ್ಲಿ ಏಕೆ?

ಕೈ ಸರಿಯಾದರೂ ನಡಿಗೆ ಸರಿಯಾಗಲಿಲ್ಲ. ಪೇಟೆಗೆ ಹೋಗುವುದನ್ನು ಬಿಟ್ಟೆ. ಬಸ್ಸಿನ ಮೊದಲ ಮೆಟ್ಟಿಲು ನಮ್ಮ ಮೊಣಕಾಲಿನ ಎತ್ತರಕ್ಕಿರುತ್ತದೆ. ಕಾಲು ಎತ್ತಿ ಇಡುವಷ್ಟರಲ್ಲಿ ನಿರ್ವಾಹಕರು ಸೀಟಿ ಊದಿರುತ್ತಾರೆ. ಮದುವೆ, ಮುಂಜಿಗಳಿಗೆ ಸೊಸೆಯನ್ನೇ ಕಳುಹಿಸತೊಡಗಿದೆ. ಕಡಮೆ ನಡೆದಷ್ಟು ಕಾಲಿನ ಬಲ ಕುಗ್ಗುತ್ತದೆ, ಬಲ ಕುಗ್ಗಿದಷ್ಟು ಬೀಳುವ ಸಂಭವ ಹೆಚ್ಚುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾನು ಜಾಗ್ರತೆಯಲ್ಲಿದ್ದೇನೆ ಎಂದೇ ತಿಳಿದುಕೊಂಡಿದ್ದೆ.

ಮುಂದಿನ ಜನವರಿಯಲ್ಲಿ ನಮ್ಮ ಆಶಾ ಕಾರ್ಯಕರ್ತೆ ಒಂದು ಚೀಟಿ ತಂದುಕೊಟ್ಟರು. ಹಿರಿಯರು ಬೀಳುವುದನ್ನು ತಡೆಯಲು ಮನೆಯಲ್ಲೇ ಮಾಡುವ ವ್ಯಾಯಾಮ ಎಷ್ಟು ನೆರವಾಗುತ್ತದೆ ಎಂದು ತಿಳಿಯಲು ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಅಧ್ಯಯನ ನಡೆಸುತ್ತಿದ್ದರು. ಅರವತ್ತೈದು ದಾಟಿದವರು, ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಬಿದ್ದವರು, ಕೋಲು ಹಿಡಿದಾದರೂ ಸ್ವಂತ ನಡೆಯಬಲ್ಲವರು ಬೇಕಾಗಿದ್ದರು. ನಾನೂ ಆಚೆಮನೆಯ ಅಕ್ಕನೂ ಹೆಸರು ಕೊಟ್ಟೆವು.

ಧಾರವಾಡದ ಕಡೆಯ ಆ ಹುಡುಗಿ ನಮ್ಮ ಚಾವಡಿಯಲ್ಲಿ ಕುಳಿತು ಮಾಹಿತಿ ಪತ್ರವನ್ನು ಸಾಲುಸಾಲಾಗಿ ಓದಿ ಹೇಳಿದಳು. ಅಧ್ಯಯನಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಿಂದ ನಡೆಸುತ್ತಿರುವ ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ನಡೆಸುವ ವೈದ್ಯಕೀಯ ಪ್ರಯೋಗ) ನೋಂದಣಿಯಲ್ಲಿ ಅದು ಒಂದು ಸಂಖ್ಯೆಯೊಂದಿಗೆ ದಾಖಲಾಗಿತ್ತು, ಆ ಸಂಖ್ಯೆಯನ್ನು ಹಾಕಿ ಯಾರು ಬೇಕಾದರೂ ನೋಡಬಹುದಿತ್ತು. ಕಾರಣ ಕೊಡದೆಯೇ ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂಬ ಸಾಲನ್ನು ಆಕೆ ಎರಡು ಸಲ ಓದಿದಳು. ಸಹಿ ಮಾಡುವ ಮೊದಲು ಒಂದು ರಾತ್ರಿ ಯೋಚಿಸಿ ಎಂದು ಪತ್ರವನ್ನು ಬಿಟ್ಟು ಹೋದಳು. ಇದೆಲ್ಲ ಬರಿಯ ಶಾಸ್ತ್ರ ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ವಯಸ್ಸಾದವರ ಒಪ್ಪಿಗೆಯನ್ನು ಮಕ್ಕಳೇ ಕೊಟ್ಟುಬಿಡುವ ಕಾಲದಲ್ಲಿ, ನನ್ನನ್ನೇ ಕೇಳಿದ ಆ ಕ್ರಮ ನನಗೆ ಮುಖ್ಯವಾಗಿತ್ತು.

ಆ ಪತ್ರದಲ್ಲಿ 'ಬೀಳುವುದು' ಎಂಬುದಕ್ಕೆ ಒಂದು ವ್ಯಾಖ್ಯೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಬಳಸುವ ವ್ಯಾಖ್ಯೆ ಅದು: ತಾನಾಗಿ ಬಯಸದೆ ನೆಲಕ್ಕೋ, ಇದ್ದ ಜಾಗಕ್ಕಿಂತ ಕೆಳಗಿನ ಮಟ್ಟಕ್ಕೋ ಬಂದುಬಿಡುವುದು. ಪೆಟ್ಟಾಗಬೇಕೆಂದಿಲ್ಲ, ಯಾರಾದರೂ ನೋಡಿರಬೇಕೆಂದೂ ಇಲ್ಲ. ಇದನ್ನು ಓದಿದ ಮೇಲೆ ಹಿಂದಿನ ವರ್ಷವನ್ನು ಇನ್ನೊಮ್ಮೆ ನೆನೆದುಕೊಂಡೆ. ತೆಂಗಿನಕಟ್ಟೆಯ ಹತ್ತಿರ ತಲೆ ಸುತ್ತಿ ಕುಸಿದು ಕೂತದ್ದು, ಮಂಚದಿಂದ ಏಳುವಾಗ ವಾಲಿ ಗೋಡೆಗೆ ಒರಗಿ ನೆಲಕ್ಕೆ ಜಾರಿದ್ದು, ಇವೆರಡನ್ನೂ ನಾನು ಬೀಳುವುದೆಂದು ಎಣಿಸಿರಲೇ ಇಲ್ಲ. ಒಂದು ಎಂದುಕೊಂಡದ್ದು ಮೂರಾಯಿತು. ಲೋಕದಲ್ಲಿ ಪ್ರತಿವರ್ಷ ಅಂದಾಜು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವರು ನಮ್ಮಂತಹ ಕಡಮೆ ಮತ್ತು ಮಧ್ಯಮ ಆದಾಯದ ದೇಶಗಳವರು ಎಂದು ಅದೇ ಸಂಸ್ಥೆ ಹೇಳುತ್ತದೆ. ಪೆಟ್ಟಾಗದೆ ಎದ್ದು, ಸೀರೆ ಕೊಡವಿಕೊಂಡು ಸುಮ್ಮನಾದವರು ಎಷ್ಟು ಜನ ಎಂಬ ಲೆಕ್ಕ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಸಿಗುವುದಿಲ್ಲ.

ಮೊದಲ ಪರೀಕ್ಷೆ ಆರೋಗ್ಯ ಕೇಂದ್ರದ ಜಗಲಿಯಲ್ಲಿ ನಡೆಯಿತು. ನೆಲದ ಮೇಲೆ ಮೂರು ಮೀಟರ್ ಅಳೆದು ಬಣ್ಣದ ಟೇಪು ಅಂಟಿಸಿದ್ದರು. ಕುರ್ಚಿಯಿಂದ ಎದ್ದು, ಟೇಪಿನವರೆಗೆ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 1991ರಲ್ಲಿ ಕೆನಡಾದಲ್ಲಿ ರೂಪುಗೊಂಡ ಈ ಪರೀಕ್ಷೆಗೆ ಕುರ್ಚಿ, ಟೇಪು, ಗಡಿಯಾರ ಬಿಟ್ಟರೆ ಬೇರೇನೂ ಬೇಡ. ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರಿಕೆ ಬೇಕು ಎನ್ನುತ್ತಾರೆ. "ಸಾವಕಾಶ ಬರ್ರಿ ಅಮ್ಮಾರ, ಗಡಿಬಿಡಿ ಬ್ಯಾಡ್ರಿ" ಎಂದು ಆ ಹುಡುಗಿ ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಡೆದಳು. ನನಗೆ ಹದಿನಾರು ಸೆಕೆಂಡು ಹಿಡಿಯಿತು. ಕೈಗಳನ್ನು ಎದೆಗೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಏಳಬಲ್ಲೆ ಎಂದು ನೋಡಿದರು, ಏಳು ಸಲ. ನನ್ನ ವಯಸ್ಸಿನ ಹೆಂಗಸರು ಹತ್ತು ಸಲವಾದರೂ ಏಳಬೇಕಂತೆ.

ಆಮೇಲೆ ಮತ್ತೆ ಅದೇ ಮೂರು ಮೀಟರ್ ನಡೆಯಬೇಕು, ಆದರೆ ನೂರರಿಂದ ಮೂರು ಮೂರು ಕಳೆಯುತ್ತಾ. ಮೊದಲಿಗೆ ನನಗೆ ಧೈರ್ಯವೇ ಬಂದಿತು, ಕಳೆಯುವ ಲೆಕ್ಕ ನನ್ನ ಬದುಕಿನ ಕಸುಬು. ನೂರು, ತೊಂಬತ್ತೇಳು, ತೊಂಬತ್ತನಾಲ್ಕು, ತೊಂಬತ್ತೊಂದು ಎನ್ನುತ್ತಾ ಟೇಪಿನ ಬಳಿ ತಿರುಗಿದೆ. ಎಂಬತ್ತೆಂಟು ಎನ್ನುವಾಗ ನನ್ನ ಕಾಲುಗಳು ನಿಂತವು. ಲೆಕ್ಕ ನಿಲ್ಲಲಿಲ್ಲ, ಎಂಬತ್ತೈದು, ಎಂಬತ್ತೆರಡು ಎಂದು ಬಾಯಿ ಹೇಳುತ್ತಲೇ ಇತ್ತು. ಕಾಲು ಮಾತ್ರ ನೆಲಕ್ಕೆ ಹೊಲಿದಂತಾಗಿತ್ತು. ನಡಿಗೆ ತನ್ನಷ್ಟಕ್ಕೆ ಆಗುವ ಕೆಲಸ ಎಂದುಕೊಂಡಿದ್ದೆ. ನನ್ನ ಮಿದುಳು ಅದಕ್ಕೆ ಪೂರ್ತಿ ಗಮನ ಕೊಡುತ್ತಿದೆ, ಬೇರೆ ಕೆಲಸಕ್ಕೆ ಉಳಿದದ್ದು ಬಹಳ ಕಡಮೆ ಎಂದು ಆ ಕ್ಷಣ ತಿಳಿಯಿತು. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಇದನ್ನೇ ಗಮನಿಸಿ ಬರೆದಿದ್ದರು: ನಡೆಯುತ್ತಿರುವ ವೃದ್ಧರನ್ನು ಮಾತಾಡಿಸಿದಾಗ ನಿಂತುಬಿಟ್ಟವರಲ್ಲಿ ಹೆಚ್ಚಿನವರು ಮುಂದಿನ ಆರು ತಿಂಗಳೊಳಗೆ ಬಿದ್ದಿದ್ದರು. ಹಾಗಾದರೆ ಹಿತ್ತಲಿನಲ್ಲಿ ನಡೆಯುವಾಗ ಬೇಲಿಯಾಚೆಯಿಂದ ಯಾರಾದರೂ ಕರೆದರೆ ನಾನು ಏನು ಮಾಡುತ್ತೇನೆ ಎಂದು ಯೋಚಿಸಿದೆ. ನಿಲ್ಲುತ್ತೇನೆ. ಎಷ್ಟೋ ಕಾಲದಿಂದ ನಿಲ್ಲುತ್ತಲೇ ಇದ್ದೇನೆ.

ಹೆದರಿಕೆಯನ್ನು ಅಳೆಯುವ ಹದಿನಾರು ಪ್ರಶ್ನೆಗಳೂ ಇದ್ದವು. ಸ್ನಾನ ಮಾಡುವಾಗ, ಮೆಟ್ಟಿಲು ಹತ್ತುವಾಗ, ಜಾರುವ ನೆಲದಲ್ಲಿ, ಜನಸಂದಣಿಯಲ್ಲಿ ಬೀಳುವೆನೆಂದು ಎಷ್ಟು ಹೆದರುತ್ತೀರಿ ಎಂದು ಒಂದೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಜನಸಂದಣಿ ಎಂದಾಗ ನನಗೆ ಮಕರ ಸಂಕ್ರಾಂತಿಯ ಸಮಯದ ಉಡುಪಿಯ ರಥಬೀದಿ ನೆನಪಾಯಿತು. ಪ್ರತಿವರ್ಷ ತಪ್ಪದೆ ಹೋಗುತ್ತಿದ್ದ ಸಪ್ತೋತ್ಸವಕ್ಕೆ ಆ ವಾರ ತಾನೇ ನಾನು ಹೋಗಿರಲಿಲ್ಲ. ನಾಲ್ಕು ಎಂದೆ.

ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೊಮ್ಮೆ ನೋಡಿದರು. ಮಲಗಿದಾಗ 148 ಇದ್ದ ಮೇಲಿನ ಸಂಖ್ಯೆ ನಿಂತಾಗ 122ಕ್ಕೆ ಇಳಿದಿತ್ತು. ನಿಂತ ಮೂರು ನಿಮಿಷದೊಳಗೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಲಕ್ಷಿಸಬೇಕು. ಹನ್ನೆರಡು ವರ್ಷಗಳಿಂದ ನನ್ನ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ನೋಡಿಸುತ್ತಾ ಬಂದಿದ್ದೇನೆ, ಪ್ರತಿಸಲವೂ ಕುಳ್ಳಿರಿಸಿಯೇ. ಯಜಮಾನರು ಹೋದಂದಿನಿಂದ ರಾತ್ರಿ ಅರ್ಧ ನಿದ್ರೆಮಾತ್ರೆ ನುಂಗುವುದೂ ಅಲ್ಲಿ ಹೊರಬಿದ್ದಿತು. ಅಧ್ಯಯನಕ್ಕೆ ಬಂದವರನ್ನು ಎರಡು ಗುಂಪು ಮಾಡುವುದಿತ್ತು. ಯಾವ ಗುಂಪಿಗೆ ಸೇರಿದರೂ ಇದನ್ನು ನಿಮ್ಮ ವೈದ್ಯರಿಗೆ ತಿಳಿಸಲೇಬೇಕು ಎಂದು ಆಕೆ ಪತ್ರ ಬರೆದುಕೊಟ್ಟಳು. ನಮ್ಮ ವೈದ್ಯರು ಒತ್ತಡದ ಮಾತ್ರೆಯ ಹೊತ್ತನ್ನು ಬದಲಿಸಿದರು, ನಿದ್ರೆಮಾತ್ರೆಯನ್ನು ಒಮ್ಮೆಗೇ ನಿಲ್ಲಿಸದೆ ವಾರಗಟ್ಟಲೆ ಸಮಯ ಕೊಟ್ಟು ಇಳಿಸಿದರು. ಆ ವಾರಗಳು ಸುಲಭವಾಗಿರಲಿಲ್ಲ. ನ್ಯೂಜಿಲೆಂಡಿನ ಒಂದು ಪ್ರಯೋಗದಲ್ಲಿ ಇಂತಹ ಮಾತ್ರೆ ಬಿಟ್ಟವರು ಬೀಳುವುದು ಬಹಳ ಕಡಮೆಯಾಯಿತಾದರೂ ಹಲವರು ಮತ್ತೆ ಮಾತ್ರೆಗೆ ಮರಳಿದರೆಂದು ಆಮೇಲೆ ತಿಳಿದಾಗ, ಅವರ ಕಷ್ಟ ನನಗೆ ಅರ್ಥವಾಯಿತು.

ಗುಂಪು ನಿರ್ಧರಿಸಿದ್ದು ಒಳಗಿನದು ಕಾಣದ, ಅಂಟಿಸಿದ ಲಕೋಟೆ. ಆಚೆಮನೆಯ ಅಕ್ಕನ ಲಕೋಟೆಯಲ್ಲಿ ವ್ಯಾಯಾಮ ಎಂದಿತ್ತು. ನನ್ನದರಲ್ಲಿ ಹೋಲಿಕೆಯ ಗುಂಪು ಎಂದಿತ್ತು: ಆರು ತಿಂಗಳು ಒಂದು ಕಿರುಪುಸ್ತಕ ಮತ್ತು ಬೀಳುವುದನ್ನು ಗುರುತಿಸುವ ಕ್ಯಾಲೆಂಡರ್ ಮಾತ್ರ, ವ್ಯಾಯಾಮ ಆ ಮೇಲೆ. ನನಗೆ ನಿಜವಾಗಿ ದುಃಖವಾಯಿತು. ನೆರವು ಬೇಕೆಂದು ಬಂದವಳಿಗೆ ಕಾದಿರು ಎಂದಂತಾಯಿತು. ಆದರೆ ಮನೆಗೆ ಬಂದು ಯೋಚಿಸಿದಾಗ ಇದರಲ್ಲಿರುವ ನ್ಯಾಯ ಕಂಡಿತು. ವ್ಯಾಯಾಮ ಮಾಡಿದವರು ಬೇಸಗೆಯಲ್ಲಿ ಕಡಮೆ ಬಿದ್ದರೆ ಅದು ವ್ಯಾಯಾಮದಿಂದಲೋ, ಅಂಗಳ ಒಣಗಿದ್ದರಿಂದಲೋ? ಅದೇ ಬೇಸಗೆಯನ್ನು ಅದೇ ಊರಿನಲ್ಲಿ ವ್ಯಾಯಾಮವಿಲ್ಲದೆ ಕಳೆದವರು ಇದ್ದರೆ ಮಾತ್ರ ಹೇಳಬಹುದು. ಹೀಗೆ ಹೋಲಿಸಿಯೇ 1997ರಲ್ಲಿ ನ್ಯೂಜಿಲೆಂಡಿನ ಒಟಾಗೋದಲ್ಲಿ ಜಾನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಎಂಬತ್ತು ದಾಟಿದ 233 ಮಹಿಳೆಯರಲ್ಲಿ ಮನೆಯ ವ್ಯಾಯಾಮದ ಉಪಯೋಗವನ್ನು ತೋರಿಸಿದ್ದು. 2019ರಲ್ಲಿ ಇಂತಹ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯಲ್ಲಿ, ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ನೂರಕ್ಕೆ 23ರಷ್ಟು ಇಳಿಯುತ್ತದೆಂದು ಕಂಡುಬಂದಿತು. ಒಟಾಗೋದ ಆ ಮಹಿಳೆಯರಲ್ಲೂ ಅರ್ಧದಷ್ಟು ಜನ ನನ್ನ ಹಾಗೆ ಇನ್ನೊಂದು ಪಾಲಿಗೆ ಬಂದವರೇ.

ಕ್ಯಾಲೆಂಡರನ್ನು ಚಾವಡಿಯ ಗೋಡೆಯಲ್ಲಿ, ತಿಥಿ ನೋಡುವ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿದೆ. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ. ರಾತ್ರಿ ಊಟದ ಬಳಿಕ ಬಿದ್ದಿದ್ದರೆ 'ಬಿ' ಎಂದು, ಇಲ್ಲದಿದ್ದರೆ 'ಇಲ್ಲ' ಎಂದು ಬರೆಯಬೇಕು. ಚೌಕವನ್ನು ಖಾಲಿ ಬಿಡಬಾರದು, ಏಕೆಂದರೆ ಖಾಲಿ ಚೌಕ ಬೀಳಲಿಲ್ಲ ಎಂದು ಹೇಳುವುದಿಲ್ಲ, ಮರೆತೆ ಎಂದಷ್ಟೇ ಹೇಳುತ್ತದೆ. ತಿಂಗಳ ಕೊನೆಗೆ ಸೊಸೆ ಹಾಳೆಯ ಫೋಟೋ ತೆಗೆದು ಕಳುಹಿಸುತ್ತಿದ್ದಳು, ಆ ಹುಡುಗಿ ಫೋನ್ ಮಾಡುತ್ತಿದ್ದಳು.

ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳದ ಕೆಲಸ. ಒಣಗಿದ ಹಪ್ಪಳವನ್ನು ದೊಡ್ಡ ಗೆರಸೆಯಲ್ಲಿ ಹಿಡಿದು ಮುಸ್ಸಂಜೆಗೆ ಒಳಗೆ ಬರುವಾಗ ಅಡುಗೆಮನೆಯ ಹೊಸ್ತಿಲಿಗೆ ಕಾಲ್ಬೆರಳು ತಾಗಿತು. ಗೆರಸೆ ಬಿಡಲಿಲ್ಲ, ಮೊಣಕಾಲೂರಿ ಕೂತುಬಿಟ್ಟೆ. ಪೆಟ್ಟಿಲ್ಲ, ನೋಡಿದವರಿಲ್ಲ. ಆ ರಾತ್ರಿ ಪೆನ್ಸಿಲು ಹಿಡಿದು ಚೌಕದ ಮುಂದೆ ನಿಂತೆ, ಬರೆಯದೆ ಬಂದು ಮಲಗಿದೆ. ಮರುದಿನವೂ ಬರೆಯಲಿಲ್ಲ. ಬರೆದರೆ ಸೊಸೆ ನೋಡುತ್ತಾಳೆ. ಅವಳು ಮಗನಿಗೆ ಹೇಳುತ್ತಾಳೆ. ಅವನು ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡುತ್ತಾನೆ. ಮೂವರೂ ಪ್ರೀತಿಯಿಂದಲೇ ನನ್ನನ್ನು ಹಪ್ಪಳದ ಕೆಲಸದಿಂದ ಬಿಡಿಸುತ್ತಾರೆ. ಬಿದ್ದದ್ದನ್ನು ಹಿರಿಯರು ಮುಚ್ಚಿಡುವುದು ಮರೆವಿನಿಂದಲ್ಲ. ಹೇಳಿದ ದಿನದಿಂದ ಮನೆಯಲ್ಲಿ ನಮ್ಮ ಜಾಗ ಕಿರಿದಾಗುತ್ತದೆ ಎಂಬ ಅಂಜಿಕೆಯಿಂದ. ಮೂರನೆಯ ದಿನ ಬರೆದೆ.

ತಿಂಗಳ ಕೊನೆಗೆ ಫೋನ್ ಬಂದಾಗ ಆಕೆ ನನ್ನನ್ನು ಎಚ್ಚರಿಸಲಿಲ್ಲ, ಗದರಲಿಲ್ಲ. ಎಷ್ಟು ಹೊತ್ತಿಗೆ, ಕಾಲಲ್ಲಿ ಚಪ್ಪಲಿ ಇತ್ತೇ, ಕೈಯಲ್ಲಿ ಏನಿತ್ತು, ದೀಪ ಹಾಕಿತ್ತೇ, ಕನ್ನಡಕ ಯಾವುದು ಎಂದು ಒಂದೊಂದಾಗಿ ಕೇಳಿದಳು. ನನ್ನದು ಬೈಫೋಕಲ್ ಕನ್ನಡಕ. ಕೆಳಗೆ ನೋಡುವಾಗ ಓದುವ ಗಾಜಿನ ಮೂಲಕ ನೋಡುತ್ತೇವೆ, ಹೊಸ್ತಿಲಿನ ಅಂಚು ಮಸುಕಾಗುತ್ತದೆ. ಆಸ್ಟ್ರೇಲಿಯಾದ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು ಇದನ್ನು 2002ರಲ್ಲೇ ತೋರಿಸಿದ್ದರು. ಗೆರಸೆ ಕಾಲನ್ನೇ ಮರೆಮಾಡಿತ್ತು, ದೀಪ ಹಾಕಿರಲಿಲ್ಲ, ಹೊಸ್ತಿಲೂ ಕಾವಿಯದು, ನೆಲವೂ ಕಾವಿಯದು. ವಯಸ್ಸು ಎಂಬ ಒಂದೇ ಉತ್ತರದ ಬದಲು ನಾಲ್ಕು ಕಾರಣಗಳು ಸಿಕ್ಕವು, ಅವುಗಳಲ್ಲಿ ಒಂದಾದರೂ ನನ್ನಿಂದ ಸರಿಪಡಿಸಲಾಗದ್ದಲ್ಲ. ಹೊಸ್ತಿಲಿನ ಅಂಚಿಗೆ ಮಗ ಬಿಳಿ ಬಣ್ಣ ಬಳಿದ. ಹಪ್ಪಳದ ಕೆಲಸವನ್ನು ಯಾರೂ ಬಿಡಿಸಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಆಚೆಮನೆಯ ಅಕ್ಕ ಮೊಣಕೈಗೆ ಎಣ್ಣೆ ಹಚ್ಚಿಕೊಂಡು ಬಂದರು. ಏನಾಯಿತೆಂದು ಕೇಳಿದೆ. "ಬಿದ್ದದ್ದಲ್ಲ ಮಾರಾಯ್ತಿ, ಚೂರು ಜಾರಿದ್ದು ಅಷ್ಟೇ" ಎಂದರು. ಬಾವಿಕಟ್ಟೆಯ ಬಳಿ ಪೂರ್ತಿ ನೆಲಕ್ಕೆ ಬಂದಿದ್ದರು. ಚೌಕದಲ್ಲಿ 'ಇಲ್ಲ' ಎಂದು ಬರೆದಿದ್ದರು. ಏಕೆಂದು ಕೇಳಿದರೆ ಅವರ ಕಾರಣ ನನ್ನದಾಗಿರಲಿಲ್ಲ. "ಪಾಪ, ಆ ಹುಡುಗಿ ಅಷ್ಟು ದೂರದಿಂದ ಬಂದು ವ್ಯಾಯಾಮ ಕಲಿಸಿದ್ದಾಳೆ. ಬಿದ್ದೆ ಅಂತ ಬರೆದರೆ ಅವಳ ಪರೀಕ್ಷೆಗೆ ತೊಂದರೆ ಆಗುವುದಿಲ್ಲವಾ?"

ಆ ಮಾತಿನಲ್ಲಿದ್ದ ಅಕ್ಕರೆಗೆ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆದರೆ ವಿಷಯ ಬಹಳ ದೊಡ್ಡದು ಎಂದು ತಿಳಿಯಿತು. ವ್ಯಾಯಾಮ ಕಲಿತವರು ಕಲಿಸಿದವಳ ಮೇಲಿನ ಪ್ರೀತಿಗೆ ಮುಚ್ಚಿಟ್ಟು, ಕಲಿಯದ ನಾವು ಇದ್ದದ್ದನ್ನು ಇದ್ದ ಹಾಗೆ ಬರೆದರೆ, ವ್ಯಾಯಾಮ ತಾನಿರುವುದಕ್ಕಿಂತ ಹೆಚ್ಚು ಒಳ್ಳೆಯದಾಗಿ ಕಾಣುತ್ತದೆ. ಆಮೇಲೆ ಅದನ್ನು ನಂಬಿ ಕಾರ್ಕಳದಲ್ಲೋ ಕುಂದಾಪುರದಲ್ಲೋ ಯಾರದೋ ಅಜ್ಜಿಗೆ ಅಷ್ಟೇ ಸಾಕೆಂದು ಹೇಳಿದರೆ, ಮಳೆಗಾಲದ ಬಾವಿಕಟ್ಟೆಗೆ ಬೇರೆ ಏನಾದರೂ ಮಾಡಬೇಕಾಗಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಅಕ್ಕನಿಗೆ ಇಷ್ಟು ಹೇಳಿದೆ: ಮಗು ತಪ್ಪು ಮಾಡಿದ ಲೆಕ್ಕವನ್ನು ರಬ್ಬರಿನಿಂದ ಅಳಿಸಿ ತಂದರೆ, ಎಲ್ಲಿ ತಪ್ಪಿತೆಂದು ಟೀಚರಿಗೆ ಹೇಗೆ ಗೊತ್ತಾಗಬೇಕು? ಅವರು ಸ್ವಲ್ಪ ಹೊತ್ತು ಮೊಣಕೈ ತಿಕ್ಕುತ್ತಾ ಕೂತರು. ಆಮೇಲೆ ಮನೆಗೆ ಹೋಗಿ ಹಾಳೆ ತಂದರು. ಬರೆದದ್ದನ್ನು ಅಳಿಸಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕೆಂದು ನಮಗೆ ಮೊದಲೇ ಹೇಳಿದ್ದರು. ಅಕ್ಕ 'ಇಲ್ಲ' ಎಂಬುದರ ಮೇಲೆ ನೆಟ್ಟಗೆ ಗೆರೆ ಎಳೆದು 'ಬಿ' ಎಂದು ಬರೆದು, ಬ್ಯಾಂಕಿನಲ್ಲಿ ಮಾಡುವ ಹಾಗೆ ಇನಿಷಿಯಲ್ ಸಹಿತ ಪೂರ್ತಿ ಹೆಸರು ಬರೆದರು. ಚೌಕ ಸಾಲದೆ ಹೆಸರು ಮರುದಿನದ ಚೌಕದೊಳಕ್ಕೂ ಹೋಯಿತು.

ಜುಲೈಯ ಕೊನೆಯ ಪರೀಕ್ಷೆಗೆ ಬೇರೊಬ್ಬರು ಬಂದಿದ್ದರು. "ನೀವು ಯಾವ ಗುಂಪು ಎಂದು ನನಗೆ ದಯವಿಟ್ಟು ಹೇಳಬೇಡಿ" ಎಂಬುದೇ ಅವರ ಮೊದಲ ಮಾತು. ತಿಳಿದರೆ ಗಡಿಯಾರ ಒತ್ತುವ ಬೆರಳಿಗೂ ಪಕ್ಷಪಾತ ಬರಬಹುದು. ನನಗೆ ಹದಿನೈದೂವರೆ ಸೆಕೆಂಡು ಹಿಡಿಯಿತು.

ಆಗಸ್ಟಿನಿಂದ ನನ್ನ ವ್ಯಾಯಾಮ ಶುರುವಾಯಿತು. ವಾರಕ್ಕೆ ಮೂರು ದಿನ ಅರ್ಧ ಗಂಟೆ, ಉಳಿದವುಗಳಲ್ಲಿ ಎರಡು ದಿನ ನಡಿಗೆ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಯುವುದು. ಕಣಕಾಲಿಗೆ ಕಟ್ಟುವ ಭಾರಕ್ಕೆ ಸೊಸೆ ನನ್ನ ಹಳೆಯ ಸೀರೆಯ ತುಂಡಿನಲ್ಲಿ ಎರಡು ಚೀಲ ಹೊಲಿದು ಅರ್ಧರ್ಧ ಕಿಲೋ ಮರಳು ತುಂಬಿಸಿದಳು. ಮೊದಲ ಹದಿನೈದು ದಿನ ತೊಡೆ ನೋಯಿತು. ಇದರಲ್ಲಿ ಕಷ್ಟವಾದದ್ದು ನೋವಲ್ಲ, ಮೂರನೆಯ ತಿಂಗಳ ಬೇಸರ. ಯಾರೂ ನೋಡದ ದಿನ ಚೀಲ ಕಟ್ಟಿಕೊಳ್ಳುವುದು. ಅಧ್ಯಯನ ಮುಗಿದಿದ್ದರಿಂದ ನಮ್ಮನ್ನು ಬೇರೆ ಇರಿಸುವ ಅಗತ್ಯ ಇರಲಿಲ್ಲ, ಅಕ್ಕ ತಮ್ಮ ಚೀಲಗಳನ್ನು ಹಿಡಿದುಕೊಂಡು ನಮ್ಮ ಜಗಲಿಗೇ ಬರತೊಡಗಿದರು.

ಡಿಸೆಂಬರಿನಲ್ಲಿ ಆ ಹುಡುಗಿ ಬಂದು ನೋಡಿದಾಗ ನಾನು ಹನ್ನೆರಡು ಸೆಕೆಂಡಿಗೆ ಕುರ್ಚಿಗೆ ಮರಳಿದೆ. ಮಾತ್ರೆ ಬದಲಾದದ್ದು, ಹೊಸ್ತಿಲಿಗೆ ಬಣ್ಣ ಬಳಿದದ್ದು, ಹೊರಗೆ ಹೋಗಲು ಬೇರೆ ಕನ್ನಡಕ ಮಾಡಿಸಿಕೊಂಡದ್ದು ಎಲ್ಲವೂ ನಡುವೆ ನಡೆದಿವೆ. ನನ್ನೊಬ್ಬಳ ಈ ಅಂಕಿಯಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂದು ನಾನು ಬಲ್ಲೆ. ಲೆಕ್ಕ ಇರುವುದು ನಮ್ಮೆಲ್ಲರ ಹಾಳೆಗಳನ್ನು ಕೂಡಿಸಿದಲ್ಲಿ. ಆಕೆ ಅದನ್ನು ಬರೆಯುತ್ತಿದ್ದಾಳೆ.

ಕ್ಯಾಲೆಂಡರ್ ಹಾಳೆಗಳು ಮುಗಿದ ಮೇಲೆ ಅಕ್ಕ ಚೌಕದ ಗೆರೆಗಳಿರುವ ಲೆಕ್ಕದ ಪುಸ್ತಕ ಒಂದನ್ನು ಕೊಂಡು ತಂದಿದ್ದಾರೆ. ಎಡಪುಟ ನನ್ನದು, ಬಲಪುಟ ಅವರದು. ಈ ಸಲ ಮೇ ತಿಂಗಳ ಕೊನೆಯಲ್ಲಿಯೇ ಬಚ್ಚಲಿನ ದಾರಿಗೂ ಅವರ ಬಾವಿಕಟ್ಟೆಗೂ ಮಡಲು ಹಾಸಿಸಿದ್ದೇವೆ.